ಮನೆ ಸುತ್ತ ಕೈತೋಟ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಚಿಕ್ಕಮಗಳೂರು ಜಿಲ್ಲೆಯವರಿಗಾಗಿ

ಹೊಸ ಮನೆ ಆಗಿದೆ, ಸುತ್ತ ಒಂದಿಷ್ಟು ಜಾಗ ಇದೆ, ಚೆನ್ನಾಗಿ ಮಾಡಿಸಬೇಕು ಅಂತ ಆಸೆ ಇದೆ. ಆದರೆ ಎಲ್ಲಿಂದ ಶುರು ಮಾಡಬೇಕು, ಯಾರಿಗೆ ಕೆಲಸ ಕೊಡಬೇಕು, ಯಾವ ತಿಂಗಳಲ್ಲಿ ಏನು ಮಾಡಿಸಬೇಕು ಅನ್ನುವಲ್ಲಿ ಗೊಂದಲ. ಇಂಥ ಮನೆಗಳವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕೈತೋಟ ಉಳಿಯುವುದೂ ಹಾಳಾಗುವುದೂ ಮಳೆ ನೀರಿನ ಮೇಲೆ ನಿಂತಿದೆ. ಹಾಗಾಗಿ ಗಿಡದ ಮಾತಿಗಿಂತ ನೀರಿನ ಮಾತೇ ಇಲ್ಲಿ ಜಾಸ್ತಿ ಬರುತ್ತದೆ.

ಕೆಲಸ ಶುರು ಮಾಡಲು ಯಾವ ತಿಂಗಳು ಒಳ್ಳೆಯದು?

ಗಿಡ ನೆಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಗಿಡ ನೆಡಲು ಜೂನ್ ಒಳ್ಳೆಯ ಕಾಲ. ಮುಂಗಾರು ಹಿಡಿದು, ನೆಲ ಒಂದೂವರೆ ಅಡಿ ಆಳದವರೆಗೆ ನೆನೆದಿರಬೇಕು. ಅಷ್ಟರೊಳಗೆ ಮಣ್ಣು ಅಗೆಯುವ ಕೆಲಸ, ಚರಂಡಿ, ಗೋಡೆ, ಕಲ್ಲು ಹಾಸು ಎಲ್ಲ ಮುಗಿದಿರಬೇಕು. ಅಂದರೆ ಈ ಗಟ್ಟಿ ಕೆಲಸಗಳು ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ನಡೆಯಬೇಕು. ಪ್ಲಾನ್ ಮತ್ತು ಕೊಟೇಶನ್‌ಗಳನ್ನು ಡಿಸೆಂಬರ್, ಜನವರಿಯಲ್ಲೇ ಮುಗಿಸಿಕೊಂಡರೆ ಆರಾಮ.

ಜನವರಿಯಲ್ಲೇ ಗಟ್ಟಿ ಕೆಲಸಕ್ಕೆ ಯಾಕೆ ಇಳಿಯಬಾರದು ಅಂತ ಕೇಳಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಮೂಡಿಗೆರೆ, ಕೊಪ್ಪ, ಕಳಸ ಕಡೆ ಆಗ ಆಳು ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಜಾಸ್ತಿ, ಮತ್ತೆ ಯಾವಾಗ ಕೆಲಸ ಬಿಟ್ಟು ಕೊಯ್ಲಿಗೆ ಹೋಗುತ್ತಾರೋ ಹೇಳಲು ಬರುವುದಿಲ್ಲ. ಕೊಯ್ಲು ಮುಗಿದ ಮೇಲೆ ಅದೇ ಜನ ನೆಮ್ಮದಿಯಾಗಿ ಸಿಗುತ್ತಾರೆ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುತ್ತದೆ. ಒಂದು ದಿನ ಕೆಲಸ ನಿಂತರೂ ಬೇಜಾರು ಬೇಡ. ಆ ಮಳೆಯಲ್ಲಿ ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಅಂತ ನೋಡಿ ಒಂದೆರಡು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಡಿಸೈನರ್ ಕೊಡುವ ನಕ್ಷೆಗಿಂತ ಆ ಫೋಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಡೂರು, ತರೀಕೆರೆಯ ಬಯಲು ಭಾಗ, ಅಜ್ಜಂಪುರ ಕಡೆಯವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮಳೆ ಕಡಿಮೆ, ಮುಂಗಾರಿನ ಮಧ್ಯೆ ಒಣ ದಿನಗಳು ಜಾಸ್ತಿ. ಜೂನ್‌ನಲ್ಲಿ ನೆಡುವುದಾದರೆ ನೀರಿನ ಏರ್ಪಾಡು ಕೈಯಲ್ಲಿರಬೇಕು. ಹಿಂಗಾರು ನಂಬಿಕೊಂಡು ಸೆಪ್ಟೆಂಬರ್‌ನಲ್ಲಿ ನೆಡುವವರೂ ಇದ್ದಾರೆ, ಅದೂ ನಡೆಯುತ್ತದೆ.

ಮನೆ ಇನ್ನೂ ಕಟ್ಟುತ್ತಿದ್ದೇವೆ. ಈಗಲೇ ಅಂಗಳದ ಬಗ್ಗೆ ಯೋಚಿಸಬೇಕಾ?

ಖಂಡಿತ. ಯೋಚಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಪಾಯ ತೆಗೆಯುವ ಮುಂಚೆ ಮೇಲಿನ ಅರ್ಧ ಅಡಿ ಮಣ್ಣನ್ನು ಕೆರೆಸಿ, ಸೈಟಿನ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿ, ಟಾರ್ಪಾಲು ಮುಚ್ಚಿಸಿ. ಜೀವ ಇರುವುದು ಆ ಮಣ್ಣಿನಲ್ಲೇ. ಬಹಳ ಕಡೆ ಜೆಸಿಬಿಯವರು ಅದನ್ನು ಪಾಯದ ಮಣ್ಣಿನ ಜೊತೆ ಕಲಸಿಬಿಡುತ್ತಾರೆ. ಆಮೇಲೆ ಮನೆಯವರು ದುಡ್ಡು ಕೊಟ್ಟು ಟ್ರ್ಯಾಕ್ಟರ್‌ಗಟ್ಟಲೆ ಕೆಂಪು ಮಣ್ಣು ತರಿಸುತ್ತಾರೆ. ನಮ್ಮದೇ ಒಳ್ಳೆಯ ಮಣ್ಣು ಬಿಟ್ಟು ಪರರ ಮಣ್ಣಿಗೆ ದುಡ್ಡು ಕೊಡುವುದನ್ನು ನೋಡಿದಾಗ ನಿಜಕ್ಕೂ ಸಂಕಟ ಆಗುತ್ತದೆ.

ಸಿಮೆಂಟು ಕಲಸುವ ಜಾಗ ಒಂದೇ ಇರಲಿ. ಅದು ಮುಂದೆ ಕಾರು ನಿಲ್ಲುವ ಜಾಗವಾದರೆ ಒಳ್ಳೆಯದು. ಒಡೆದ ಇಟ್ಟಿಗೆ, ಗಾರೆ, ಬಣ್ಣದ ಡಬ್ಬಿ ಇವನ್ನೆಲ್ಲ ಅಂಗಳದಲ್ಲೇ ಹೂತು ಮೇಲೆ ಮಣ್ಣು ಎಳೆಯುವ ಅಭ್ಯಾಸ ಕೆಲವರಿಗಿದೆ. ಎರಡು ವರ್ಷ ಆದ ಮೇಲೂ ಆ ಜಾಗದಲ್ಲಿ ಗಿಡ ಹಳದಿ ಹೊಡೆಯುತ್ತದೆ. ಕಂಟ್ರಾಕ್ಟರ್ ಜೊತೆ ಮೊದಲೇ ಮಾತಾಡಿ, ಕಸ ಸೈಟಿನಿಂದ ಹೊರಗೆ ಹೋಗಬೇಕು ಅಂತ ಬರೆಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಗೇಟಿನಿಂದ ಬಾಗಿಲಿಗೆ ಬರುವ ದಾರಿಯ ಅಡಿಯಲ್ಲಿ 4 ಇಂಚಿನ ಪಿವಿಸಿ ಪೈಪು ಒಂದೆರಡು ಕಡೆ ಅಡ್ಡ ಹಾಕಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ಬಿಡಿ. ಮುಂದೆ ಡ್ರಿಪ್ ಪೈಪೋ ಲೈಟಿನ ವಯರೋ ಎಳೆಯಬೇಕಾದಾಗ ಹಾಸಿದ ಕಲ್ಲು ಕೀಳುವ ಕೆಲಸ ತಪ್ಪುತ್ತದೆ.

ಡಿಸೈನರ್ ಬೇಕೇ ಬೇಕಾ?

30×40 ಸೈಟಿನಲ್ಲಿ ಮನೆ ಬಿಟ್ಟು ಉಳಿಯುವ ಜಾಗಕ್ಕೆ ಬೇಡ. ಅಳತೆ ಪಟ್ಟಿ, ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಜಾಗ ಇಳಿಜಾರಾಗಿದ್ದರೆ, ಕಾಲು ಎಕರೆಗಿಂತ ದೊಡ್ಡದಾಗಿದ್ದರೆ, ಅಥವಾ ಗೋಡೆ ಕಟ್ಟುವ ಅಗತ್ಯ ಇದ್ದರೆ ತಿಳಿದವರಿಂದ ಪ್ಲಾನ್ ಮಾಡಿಸಿ. ಬೆಂಗಳೂರಿನ ಡಿಸೈನರ್ ಆದರೂ ಪರವಾಗಿಲ್ಲ, ಆದರೆ ಅವರು ಜುಲೈನಲ್ಲಿ ಒಮ್ಮೆ ಬಂದು ನಿಮ್ಮ ಜಾಗ ನೋಡಲಿ. ಬೇಸಿಗೆಯಲ್ಲಿ ಮಾತ್ರ ನೋಡಿದವರಿಗೆ ಮಲೆನಾಡಿನ ನೀರಿನ ಜೋರು ಗೊತ್ತಾಗುವುದಿಲ್ಲ.

ನೀವೇ ನಕ್ಷೆ ಬರೆಯುವುದಾದರೆ ಬಾವಿ ಅಥವಾ ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್, ನೀರಿನ ಪೈಪು, ಮೇಲೆ ಹೋಗುವ ಮೆಸ್ಕಾಂ ತಂತಿ, ಇರುವ ಮರಗಳು ಎಲ್ಲ ಗುರುತಿಸಿ. ಬೆಳಿಗ್ಗೆ ಮತ್ತು ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ ಅಂತಲೂ ಬರೆಯಿರಿ. ಇಳಿಜಾರು ಯಾವ ಕಡೆಗೆ ಅಂತ ಬಾಣದ ಗುರುತು ಹಾಕಿ.

ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಭಾರದ ಕೆಲಸ ಮೊದಲು, ಹಗುರದ ಕೆಲಸ ಆಮೇಲೆ. ನೆಲದ ಅಡಿಯದು ಮೊದಲು, ಮೇಲಿನದು ಆಮೇಲೆ. ಮೊದಲು ಜೆಸಿಬಿ ಬಂದು ಮಟ್ಟ ಮಾಡಲಿ. ನಂತರ ಚರಂಡಿ, ಪೈಪು, ವಯರು. ಅದಾದ ಮೇಲೆ ಗೋಡೆ, ಮೆಟ್ಟಿಲು, ದಾರಿ. ಆಮೇಲೆ ಮಣ್ಣು, ಗೊಬ್ಬರ. ನಂತರ ಮರದ ಸಸಿ, ಪೊದೆ ಗಿಡ, ಹೂಗಿಡ. ಹುಲ್ಲು ಎಲ್ಲಕ್ಕಿಂತ ಕೊನೆಗೆ.

ಪೈಪು, ವಯರು ಮಣ್ಣಿನಲ್ಲಿ ಮುಚ್ಚುವ ಮುಂಚೆ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಐದು ವರ್ಷ ಆದ ಮೇಲೆ ಗುಂಡಿ ತೋಡುವಾಗ ಅದು ಕೈಹಿಡಿಯುತ್ತದೆ.

ಮಳೆಗಾಲದಲ್ಲಿ ಅಂಗಳ ಕೆರೆ ಆಗುತ್ತದೆ. ಏನು ಮಾಡಬೇಕು?

ಇದು ಎಲ್ಲರ ಪ್ರಶ್ನೆ. ಮೊದಲು ಒಂದು ಲೆಕ್ಕ ನೋಡಿ. 1000 ಚದರ ಅಡಿ ಛಾವಣಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2300 ಲೀಟರ್ ನೀರು ಕೆಳಗೆ ಇಳಿಯುತ್ತದೆ. ಶೃಂಗೇರಿ, ಕೊಪ್ಪ, ಕಳಸ ಕಡೆ ಆರಿದ್ರಾ, ಪುನರ್ವಸು ಮಳೆಯಲ್ಲಿ ಒಂದೇ ದಿನಕ್ಕೆ ಇದರ ಮೂರು ನಾಲ್ಕು ಪಟ್ಟು ಬೀಳುವುದು ಹೊಸದೇನಲ್ಲ. ಅಷ್ಟು ನೀರಿಗೆ ಹೋಗುವ ದಾರಿ ನೀವು ತೋರಿಸದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ, ನಿಮ್ಮ ಹೂವಿನ ಪಾತಿ ಮೇಲೆ.

ಮನೆ ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ ಕನಿಷ್ಠ 6 ಇಂಚು ಹೊರಗಡೆಗೆ ಇಳಿಯಬೇಕು. ಕಲ್ಲು ಹಾಸಿದ ಜಾಗವಾದರೆ 10 ಅಡಿಗೆ 2 ಇಂಚು ಇಳಿಜಾರು ಸಾಕು. ಸೂರಿನ ನೀರು ಬೀಳುವ ಸಾಲಿನಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ 40 ಎಂಎಂ ಜಲ್ಲಿ ತುಂಬಿಸಿ. ಮಣ್ಣು ಸಿಡಿದು ಗೋಡೆ ಕೆಂಪಾಗುವುದು ನಿಲ್ಲುತ್ತದೆ. ಅಲ್ಲಿಂದ ತೆರೆದ ಚರಂಡಿಯಲ್ಲಿ ನೀರು ಹೊರಗೆ ಹೋಗಲಿ. ಮಲೆನಾಡಿನ ಮನೆಗಳಿಗೆ ಪೈಪಿನ ಚರಂಡಿಗಿಂತ ತೆರೆದ ಚರಂಡಿಯೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲೆ, ಕಡ್ಡಿ ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ತೆಗೆಯಬಹುದು.

ನೀರನ್ನೆಲ್ಲ ಹೊರಗೆ ಓಡಿಸಲೂ ಬೇಡಿ. ಕಾಫಿ ತೋಟದಲ್ಲಿ ಗಿಡದ ಸಾಲಿನ ಮಧ್ಯೆ ತೊಟ್ಟಿಲು ಗುಂಡಿ ತೆಗೆಯುತ್ತಾರಲ್ಲ, ಅದನ್ನೇ ಅಂಗಳದ ತಗ್ಗಿನ ಭಾಗದಲ್ಲಿ ಚಿಕ್ಕದಾಗಿ ಮಾಡಿಸಿ. ಹರಿದು ಬರುವ ನೀರು ಅಲ್ಲಿ ಸ್ವಲ್ಪ ಹೊತ್ತು ನಿಂತು ಇಂಗುತ್ತದೆ, ಮೇಲಿನ ಮಣ್ಣು ಕೊಚ್ಚಿ ಹೋಗದೆ ಅಲ್ಲೇ ಉಳಿಯುತ್ತದೆ. ಇಂಗುಗುಂಡಿ ಮನೆ ಪಾಯದಿಂದ ದೂರ ಇರಲಿ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ನೆತ್ತಿ ಮೇಲಂತೂ ಬೇಡವೇ ಬೇಡ. ಕಡೂರು ಕಡೆಯವರು ಮಾತ್ರ ಒಂದು ಹನಿಯನ್ನೂ ಹೊರಗೆ ಬಿಡದ ಹಾಗೆ ಪ್ಲಾನ್ ಮಾಡಬೇಕು. ಒಂದೇ ಜಿಲ್ಲೆಯಾದರೂ ನಿಮ್ಮ ಕಷ್ಟ ಮಲೆನಾಡಿನವರ ಕಷ್ಟಕ್ಕೆ ತದ್ವಿರುದ್ಧ.

ಮನೆ ಹಿಂದೆ ಎತ್ತರದ ಧರೆ ಇದೆ. ಅದನ್ನು ಕಡಿದು ಜಾಗ ದೊಡ್ಡದು ಮಾಡಬಹುದಾ?

ಮಾಡಬೇಡಿ ಅಂತಲೇ ಹೇಳುತ್ತೇನೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಮತ್ತು ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಧರೆಯ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆ ನೀರು ಕುಡಿದ ಮಣ್ಣಿನ ತೂಕ ಹೆಚ್ಚಾಗುತ್ತದೆ, ಹಿಡಿತ ಸಡಿಲ ಆಗುತ್ತದೆ. ಕುಸಿಯಲು ಅಷ್ಟೇ ಸಾಕು.

ಬೇರೆ ದಾರಿಯೇ ಇಲ್ಲ, ಕಡಿಯಲೇಬೇಕು ಅಂದರೆ ನೇರವಾಗಿ ಕತ್ತರಿಸದೆ ಮೆಟ್ಟಿಲು ಮೆಟ್ಟಿಲಾಗಿ ತೆಗೆಯಿರಿ. ಪ್ರತಿ ಮೆಟ್ಟಿಲಿನ ಎತ್ತರ 3 ಅಡಿ ಮೀರದಿರಲಿ. ತಡೆಗೋಡೆ 4 ಅಡಿಗಿಂತ ಎತ್ತರ ಬೇಕಾದರೆ ಸಿವಿಲ್ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ. ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸ ಅಲ್ಲ ಅದು. ಗೋಡೆಯ ಹಿಂದೆ ಒಂದು ಅಡಿ ಅಗಲಕ್ಕೆ ಜಲ್ಲಿ ತುಂಬಿಸಿ, 5 ಅಡಿಗೊಂದರಂತೆ ನೀರು ಬಸಿಯುವ ಪೈಪು ಇಡಿಸಿ. ಗೋಡೆ ಬೀಳುವುದು ಬಹುಪಾಲು ಮಣ್ಣಿನ ಭಾರಕ್ಕಲ್ಲ, ಹಿಂದೆ ಕಟ್ಟಿಕೊಂಡ ನೀರಿನ ಒತ್ತಡಕ್ಕೆ. ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಕಟ್ಟೆ ಗಿಡ್ಡ ಎತ್ತರಕ್ಕೆ ಬಹಳ ಒಳ್ಳೆಯದು. ಸಂದುಗಳಲ್ಲಿ ನೀರು ತಾನೇ ಬಸಿದು ಹೋಗುತ್ತದೆ, ಜರಿಗಿಡ ಬೆಳೆದು ಚೆಂದವೂ ಕಾಣುತ್ತದೆ.

ಇಳಿಜಾರಿಗೆ ಲಾವಂಚ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಆರು ಅಡಿಗೂ ಮೀರಿ ಇಳಿದು ಮಣ್ಣು ಹಿಡಿಯುತ್ತದೆ. ಅಡ್ಡ ಸಾಲಿನಲ್ಲಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ ಅಂತರದಲ್ಲಿ, ಜೂನ್ ಮೊದಲ ಮಳೆಗೇ ನೆಟ್ಟುಬಿಡಿ.

ಮಣ್ಣು ಪರೀಕ್ಷೆ ಅಗತ್ಯವಾ?

ಮಾಡಿಸಿದರೆ ಒಳ್ಳೆಯದು, ಖರ್ಚೂ ಕಡಿಮೆ. ನಾಲ್ಕಾರು ಕಡೆ ಮೇಲಿನ ಎಲೆ ಕಸ ಸರಿಸಿ, 6 ಇಂಚು ಆಳದವರೆಗಿನ ಮಣ್ಣು ತೆಗೆದು ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಕೃಷಿ ಇಲಾಖೆಯಲ್ಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಜೋರು ಮಳೆಗೆ ಸುಣ್ಣದ ಅಂಶ ತೊಳೆದು ಹೋಗುವುದೇ ಕಾರಣ. ಪರೀಕ್ಷೆಯಲ್ಲಿ ಹೇಳಿದಷ್ಟೇ ಕೃಷಿ ಸುಣ್ಣ ಹಾಕಿ. ಸುಣ್ಣ ಮತ್ತು ರಾಸಾಯನಿಕ ಗೊಬ್ಬರ ಒಟ್ಟಿಗೆ ಬೇಡ, ಮಧ್ಯೆ ಎರಡು ಮೂರು ವಾರ ಬಿಡಿ. ಅಂದ ಹಾಗೆ, ಹೈಡ್ರೇಂಜಿಯಾ ನಮ್ಮಲ್ಲಿ ನೀಲಿಯಾಗಿ ಅರಳುವುದು ಈ ಹುಳಿ ಮಣ್ಣಿನಿಂದಲೇ. ಅದು ಬೇಕಾದವರು ಆ ಮೂಲೆಗೆ ಸುಣ್ಣ ಹಾಕಬೇಡಿ.

ಯಾವ ಗಿಡ ಹಾಕಿದರೆ ಚೆನ್ನ?

ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಹಳೆಯ ಮನೆಗಳ ಮುಂದೆ ಇಪ್ಪತ್ತು ಮೂವತ್ತು ವರ್ಷದಿಂದ ನಿಂತಿರುವ ಗಿಡ ಯಾವುದು ನೋಡಿ. ಅದೇ ನಿಮ್ಮ ಮೊದಲ ಪಟ್ಟಿ. ನರ್ಸರಿಗೆ ಹೋಗುವುದು ಆಮೇಲೆ.

ಸಂಪಿಗೆ, ಪಾರಿಜಾತ, ರಂಜ, ನಂದಿಬಟ್ಟಲು, ದಾಸವಾಳ ಇವು ಇಲ್ಲಿನ ಮಳೆಗೂ ಬಿಸಿಲಿಗೂ ಒಗ್ಗಿಕೊಂಡಿವೆ. ಜಾಗ ಇದ್ದವರು ಒಂದು ಸುರಗಿ ಹಾಕಿ. ನಿಧಾನಕ್ಕೆ ಬೆಳೆಯುವ ಮರ, ಆದರೆ ಹೂ ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಹಣ್ಣಿಗೆ ನಿಂಬೆ, ಚಕ್ಕೋತ, ಸೀಬೆ, ಬೆಣ್ಣೆಹಣ್ಣು. ಬೆಣ್ಣೆಹಣ್ಣಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಅದಕ್ಕೆ ದಿಬ್ಬದ ಜಾಗವೇ ಬೇಕು. ಕಡೂರು ಕಡೆಗೆ ಬೇವು, ಹೊಂಗೆ, ನುಗ್ಗೆ, ಕಣಗಿಲೆ, ಕಾಗದದ ಹೂ ಚೆನ್ನಾಗಿ ಬರುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳು, ದನಕರು ಇದ್ದರೆ ಮಾತ್ರ ಕಣಗಿಲೆ ಬೇಡ, ಅದರ ಎಲ್ಲ ಭಾಗವೂ ವಿಷ.

ಇನ್ನು ಡೇರೆ ಹೂ, ಅಂದರೆ ಡೇಲಿಯಾ. ಮಲೆನಾಡಿನ ಅಂಗಳದಲ್ಲಿ ಡೇರೆ ಇಲ್ಲದಿದ್ದರೆ ಮಳೆಗಾಲಕ್ಕೆ ಕಳೆಯೇ ಇಲ್ಲ ಅನ್ನುವವಳು ನಾನು. ಗಡ್ಡೆಗಳನ್ನು ಮೇ ತಿಂಗಳಲ್ಲಿ ಏರು ಮಡಿಯಲ್ಲಿ ಹೂಳಿ, ನೀರು ಬಸಿದು ಹೋಗುವ ಹಾಗೆ ನೋಡಿಕೊಳ್ಳಿ, ಗಿಡ ಒಂದಡಿ ಆಗುವಾಗಲೇ ಕೋಲು ಕೊಡಿ. ತಳಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ. ಪಕ್ಕದ ಮನೆಯವರ ಹತ್ತಿರ ಇಲ್ಲದ ಬಣ್ಣ ನಿಮ್ಮಲ್ಲಿದ್ದರೆ ಗಡ್ಡೆ ಅದಲು ಬದಲಾಗುತ್ತದೆ. ನಮ್ಮ ಕಡೆ ಹೂತೋಟ ಬೆಳೆದಿದ್ದೇ ಹೆಂಗಸರ ಈ ಕೊಡು ಕೊಳ್ಳುವಿಕೆಯಿಂದ. ಯಾವ ಲ್ಯಾಂಡ್‌ಸ್ಕೇಪ್ ಪ್ಲಾನ್ ಆದರೂ ಇದಕ್ಕೆ ಒಂದು ಮೂಲೆ ಬಿಡಬೇಕು.

ಸಸಿಗಳು ಅರಣ್ಯ ಇಲಾಖೆ ಮತ್ತು ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಜೂನ್‌ಗೆ ಮುಂಚೆಯೇ ಹೇಳಿಟ್ಟಿರಿ. ಎತ್ತರದ ಗಿಡಕ್ಕೆ ಮರುಳಾಗಬೇಡಿ. ಚಿಕ್ಕ ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡ ಆರಡಿ ಗಿಡಕ್ಕಿಂತ ಎರಡಡಿಯ ಗಟ್ಟಿ ಸಸಿ ಬೇಗ ಮೇಲೇಳುತ್ತದೆ.

ಮನೆಯಿಂದ ಎಷ್ಟು ದೂರದಲ್ಲಿ ಮರ ಹಾಕಬೇಕು?

ಮಾವು, ಹಲಸು, ನೇರಳೆಯಂಥ ದೊಡ್ಡ ಮರಕ್ಕೆ 20 ಅಡಿಯಾದರೂ ಬಿಡಿ. ಸಂಪಿಗೆಗೆ 15 ಅಡಿ. ಪಾರಿಜಾತ, ನಿಂಬೆಗೆ 6ರಿಂದ 8 ಅಡಿ ಸಾಕು. ಆಲ, ಅರಳಿ, ಅತ್ತಿ ಸೈಟಿನೊಳಗೆ ಬೇಡ. ಸೆಪ್ಟಿಕ್ ಟ್ಯಾಂಕ್ ಹತ್ತಿರ ಹುಲ್ಲು, ಸಣ್ಣ ಹೂಗಿಡ ಮಾತ್ರ. ವಿದ್ಯುತ್ ತಂತಿ ಕೆಳಗೆ ಹತ್ತಡಿ ಮೀರಿ ಬೆಳೆಯುವ ಯಾವುದನ್ನೂ ಹಾಕಬೇಡಿ. ಹಾಕಿದರೆ ಪ್ರತಿ ಮೇ ತಿಂಗಳೂ ಲೈನ್‌ಮನ್ ಬಂದು ನೆತ್ತಿ ಕಡಿದು ಹೋಗುತ್ತಾರೆ.

ಲಾನ್ ಬೇಕು ಅಂತ ಮಕ್ಕಳ ಆಸೆ. ಬರುತ್ತದಾ?

ಚಿಕ್ಕಮಗಳೂರು ಪೇಟೆಯಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿ ಬರುತ್ತದೆ. ಬರ್ಮುಡಾ ಹುಲ್ಲಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಶೃಂಗೇರಿ, ಕಳಸ ಕಡೆ ಮೂರು ತಿಂಗಳು ಮೋಡ ಕವಿದಿರುತ್ತದೆ. ಅಲ್ಲಿ ಅದು ತೆಳುವಾಗಿ, ಪಾಚಿ ಹಿಡಿದು, ಸೆಪ್ಟೆಂಬರ್ ಹೊತ್ತಿಗೆ ತೇಪೆ ಹಾಕಿದ ಕಂಬಳಿಯ ಹಾಗೆ ಕಾಣುತ್ತದೆ. ಅರೆನೆರಳಿಗೆ ಬಫಲೋ ಹುಲ್ಲು ಸ್ವಲ್ಪ ಮೇಲು. ಮಕ್ಕಳು ಆಡುವಷ್ಟು ಜಾಗಕ್ಕೆ ಮಾತ್ರ ಹುಲ್ಲು ಹಾಕಿ, ಉಳಿದಿದ್ದನ್ನು ಗಿಡಕ್ಕೆ ಬಿಡಿ ಅನ್ನುತ್ತೇನೆ. ಹುಲ್ಲು ಎಷ್ಟು ದೊಡ್ಡದಾಗಿದ್ದರೆ ಬೇಸಿಗೆಯ ನೀರಿನ ಖರ್ಚು, ಕತ್ತರಿಸುವ ಕೆಲಸ ಅಷ್ಟೇ ದೊಡ್ಡದು.

ದಾರಿಗೆ ಯಾವ ಕಲ್ಲು?

ಜಾರದ ಕಲ್ಲು, ಅಷ್ಟೇ. ಜುಲೈನಲ್ಲಿ ನಯವಾದ ಟೈಲ್ಸ್ ಮೇಲೆ ಪಾಚಿ ಕಟ್ಟಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಉಳಿ ಹೊಡೆದ ಗ್ರಾನೈಟ್ ಅಥವಾ ಒರಟು ಹಾಸುಗಲ್ಲು ಹಾಕಿಸಿ. ಪೇವರ್ ಹಾಕಿಸುವುದಾದರೆ ಅಡಿಯಲ್ಲಿ 4 ಇಂಚು ಜಲ್ಲಿ ದಮ್ಮಸ್ಸು ಮಾಡಿ, ಮೇಲೆ ಒಂದು ಇಂಚು ಎಂ ಸ್ಯಾಂಡ್ ಹಾಸಲಿ. ಕಾರು ಓಡಾಡುವ ಜಾಗಕ್ಕೆ ಜಲ್ಲಿ 6 ಇಂಚಾದರೂ ಬೇಕು. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ತಕ್ಷಣ ಕಲ್ಲು ಹಾಸಿದರೆ ಮೊದಲ ಮಳೆಗಾಲದಲ್ಲೇ ಕುಸಿಯುತ್ತದೆ. ಅಂಥ ಕಡೆ ಒಂದು ಮಳೆಗಾಲ ಬಿಟ್ಟು ಹಾಸಿಸುವುದು ಜಾಣತನ.

ಕಂಟ್ರಾಕ್ಟರ್ ಜೊತೆ ಏನೇನು ಬರೆಸಿಕೊಳ್ಳಬೇಕು?

ಕೊಟೇಶನ್‌ನಲ್ಲಿ "ಗಾರ್ಡನ್ ಕೆಲಸ, ಇಷ್ಟು ಲಕ್ಷ" ಅಂತ ಒಂದೇ ಸಾಲು ಇದ್ದರೆ ಒಪ್ಪಬೇಡಿ. ಗಿಡದ ಹೆಸರು, ಸಂಖ್ಯೆ, ಎತ್ತರ, ಚೀಲದ ಅಳತೆ ಇರಬೇಕು. ಮಣ್ಣು ಎಷ್ಟು ಘನ ಅಡಿ, ಗೊಬ್ಬರ ಎಷ್ಟು ಅಂತಲೂ ಇರಬೇಕು. ಲೆಕ್ಕ ನೀವೂ ಮಾಡಬಹುದು. 1000 ಚದರ ಅಡಿಗೆ 6 ಇಂಚು ಮಣ್ಣು ಅಂದರೆ 500 ಘನ ಅಡಿ. "ಲೋಡ್" ಅಂತ ಬರೆದಿದ್ದರೆ ಒಂದು ಲೋಡಿಗೆ ಎಷ್ಟು ಘನ ಅಡಿ ಅಂತ ಕೇಳಿ.

ದುಡ್ಡು ಹಂತ ಹಂತವಾಗಿ ಕೊಡಿ. ಅಡ್ವಾನ್ಸ್ ಕಾಲು ಭಾಗ ಮೀರದಿರಲಿ. ಚರಂಡಿ ಮತ್ತು ಗೋಡೆ ಮುಗಿದಾಗ ಒಂದು ಕಂತು, ದಾರಿ ಮುಗಿದಾಗ ಒಂದು, ಗಿಡ ನೆಟ್ಟಾಗ ಒಂದು. ಕೊನೆಯ ಶೇಕಡಾ 10 ಒಂದು ಮಳೆಗಾಲ ಕಳೆದ ಮೇಲೆ. ಒಳ್ಳೆಯ ಕೆಲಸಗಾರರು ಇದಕ್ಕೆ ಒಪ್ಪುತ್ತಾರೆ. ಸತ್ತ ಗಿಡಕ್ಕೆ ಬದಲಿ ಗಿಡ ಎಷ್ಟು ತಿಂಗಳವರೆಗೆ, ನೀರು ಹಾಕುವ ಜವಾಬ್ದಾರಿ ಯಾರದ್ದು ಅಂತ ಇದರಲ್ಲೇ ಸೇರಿಸಿ. ಅವರು ಹಿಂದೆ ಮಾಡಿದ ಕೆಲಸ ನೋಡಲು ಹೋಗುವುದಾದರೆ ಹೊಸದನ್ನು ನೋಡಬೇಡಿ, ಎರಡು ಮೂರು ವರ್ಷ ಹಳೆಯದನ್ನು ತೋರಿಸಿ ಅನ್ನಿ.

ನೀವೂ ಕೂಲಿಯವರ ಕಡೆ ನ್ಯಾಯವಾಗಿರಿ. ಕುಡಿಯುವ ನೀರು, ಮಳೆ ಬಂದರೆ ನಿಲ್ಲಲು ಜಾಗ, ಹೆಣ್ಣಾಳುಗಳಿಗೆ ಶೌಚಾಲಯ, ವಾರದ ಕೂಲಿ ವಾರಕ್ಕೆ ಕೈಗೆ ಸೇರಿದೆಯೋ ಇಲ್ಲವೋ ಅನ್ನುವ ವಿಚಾರಣೆ. ಇದನ್ನು ಕಂಟ್ರಾಕ್ಟರ್ ಮೇಲೆ ಬಿಟ್ಟು ಸುಮ್ನೆ ಕೂರಬಾರದು.

ದುಡ್ಡು ಎಲ್ಲದಕ್ಕೂ ಸಾಲುವುದಿಲ್ಲ. ಏನು ಬಿಡಬಹುದು?

ಚರಂಡಿ, ತಡೆಗೋಡೆ, ಮಣ್ಣು ಈ ಮೂರನ್ನು ಬಿಡಬೇಡಿ. ಮರದ ಸಸಿಗಳನ್ನೂ ಮೊದಲ ವರ್ಷವೇ ನೆಡಿ, ಅವಕ್ಕೆ ಬೇಕಿರುವುದು ದುಡ್ಡಿಗಿಂತ ವರ್ಷಗಳು. ಲೈಟು, ಕಾರಂಜಿ, ಕಲ್ಲಿನ ಬೆಂಚು, ಲಾನ್ ಎಲ್ಲ ಮುಂದಿನ ವರ್ಷಕ್ಕೆ ಇರಲಿ.

ಇರುವ ಮರ ಕಡಿಯಬೇಕಾಗಿದೆ. ನಮ್ಮದೇ ಜಾಗ ಅಲ್ವಾ?

ಜಾಗ ನಿಮ್ಮದಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ನಿಮ್ಮ ಮರ ಅದರಲ್ಲಿ ಬರುತ್ತದಾ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಬೀಟೆ, ಶ್ರೀಗಂಧದ ವಿಷಯದಲ್ಲಂತೂ ಕೇಳದೆ ಕೊಡಲಿ ಎತ್ತಬೇಡಿ. ಅದಕ್ಕೂ ಮುಂಚೆ, ಆ ಮರ ಇಟ್ಟುಕೊಂಡೇ ಪ್ಲಾನ್ ಬದಲಿಸಲು ಆಗುತ್ತದಾ ನೋಡಿ. ಮೂವತ್ತು ವರ್ಷದ ನೆರಳನ್ನು ಯಾವ ನರ್ಸರಿಯೂ ಮಾರುವುದಿಲ್ಲ.

ಕೋತಿ, ಹಂದಿ, ಆನೆ ಕಾಟ ಇರುವ ಕಡೆ?

ಆನೆ ಓಡಾಡುವ ಊರುಗಳಲ್ಲಿ ಮನೆ ಹತ್ತಿರ ಬಾಳೆ, ಹಲಸು ಬೇಡ. ಹಲಸಿನ ಮರ ಮೊದಲೇ ಇದ್ದರೆ ಕಾಯಿ ಎಳೆಯದಾಗಿರುವಾಗಲೇ ಇಳಿಸಿಬಿಡಿ, ಹಣ್ಣಿನ ವಾಸನೆ ಅವುಗಳನ್ನು ದೂರದಿಂದ ಕರೆಯುತ್ತದೆ. ಹಂದಿ ಗಡ್ಡೆ ಹುಡುಕಿಕೊಂಡು ಬರುತ್ತದೆ, ಅಂಥ ಕಡೆ ಡೇರೆ ಗಡ್ಡೆಯನ್ನು ಕುಂಡದಲ್ಲಿ ಹಾಕಿ. ಕೋತಿಗೆ ಪೂರ್ತಿ ಪರಿಹಾರ ಇಲ್ಲ. ಹಣ್ಣಿನ ಗಿಡ ಕಡಿಮೆ ಮಾಡಿ, ಸುವಾಸನೆಯ ಹೂ, ಮಜ್ಜಿಗೆ ಹುಲ್ಲು, ಅರಿಶಿನ, ಶುಂಠಿ ಜಾಸ್ತಿ ಮಾಡಿದರೆ ಹಾನಿ ತಗ್ಗುತ್ತದೆ. ಹಾವಿನ ಭಯ ಇರುವವರು ಬಾಗಿಲಿನ ಸುತ್ತ ಆರಡಿ ಜಾಗ ಬೋಳಾಗಿ, ಕಾಣುವ ಹಾಗೆ ಇಟ್ಟುಕೊಳ್ಳಿ.

ಕೆಲಸ ಮುಗಿಯಿತು. ಮೊದಲ ವರ್ಷ ಏನು ನೋಡಿಕೊಳ್ಳಬೇಕು?

ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಡೆ ಹಿಡಿದು ಚರಂಡಿ ಸುತ್ತಿ ಬನ್ನಿ. ಮಣ್ಣು ಕೊರೆದ ಜಾಗಕ್ಕೆ ಕಲ್ಲು ಇಡಿ. ಸಸಿಗೆ ಕೊಟ್ಟ ಕೋಲು ಗಾಳಿಗೆ ಸಡಿಲ ಆಗಿದೆಯಾ, ಕಟ್ಟಿದ ದಾರ ಕಾಂಡ ಕೊಯ್ಯುತ್ತಿದೆಯಾ ನೋಡಿ.

ನವೆಂಬರ್‌ನಲ್ಲಿ ಹಿಂಗಾರು ನಿಂತ ಕೂಡಲೇ ಪ್ರತಿ ಗಿಡದ ಬುಡಕ್ಕೆ 3 ಇಂಚು ದಪ್ಪ ದರಗು (ಒಣ ಎಲೆ) ಮುಚ್ಚಿ. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು, ಕೊಳೆ. ಮೊದಲ ಬೇಸಿಗೆಯೇ ಗಂಡಾಂತರದ್ದು. ಮಳೆಗಾಲದಲ್ಲಿ ಸೊಂಪಾಗಿ ಎದ್ದ ಗಿಡದ ಬೇರು ಇನ್ನೂ ಮೇಲೇ ಇರುತ್ತದೆ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೆ ಎರಡು ಸಲ, ಪ್ರತಿ ಸಸಿಗೆ 15ರಿಂದ 20 ಲೀಟರ್ ನೀರನ್ನು ನಿಧಾನಕ್ಕೆ ಇಂಗುವ ಹಾಗೆ ಕೊಡಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಕೆಳಗೆ ಇಳಿಯುವುದೇ ಇಲ್ಲ. ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್ ಇದ್ದರೆ ಎರಡು ಗಂಟೆ ಓಡಿಸಿದರೆ ಸಾಕು. ಹೂಮಳೆ ಚೆನ್ನಾಗಿ ಬಿದ್ದ ವಾರ ನೀರು ನಿಲ್ಲಿಸಿ. ಸತ್ತ ಗಿಡದ ಜಾಗವನ್ನು ಬೇಸಿಗೆಯಲ್ಲಿ ತುಂಬಲು ಹೋಗಬೇಡಿ. ಗುರುತು ಹಾಕಿಟ್ಟು, ಕಂಟ್ರಾಕ್ಟರ್‌ಗೆ ಪಟ್ಟಿ ಕೊಟ್ಟು, ಬದಲಿ ಸಸಿಗಳನ್ನು ಮುಂದಿನ ಜೂನ್‌ನಲ್ಲಿ ನೆಡಿಸಿಕೊಳ್ಳಿ.